ಯೆಜ್ಡಿಯ ಎಣ್ಣೆಯ ಲೆಕ್ಕ

ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಮೋಟಾರು ಸೈಕಲ್ಲಿನ ಎಣ್ಣೆ ಸೋರುವ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ವಾಚಕ ಬಂಧುಗಳಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಪಾಠ, ಪ್ರವಚನ, ಹಸ್ತಪ್ರತಿಗಳ ಸಹವಾಸದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನಮ್ಮಿಂದ ಅವರು ಬೇರೆಯದನ್ನು ನಿರೀಕ್ಷಿಸುವುದು ಸಹಜ. ಆದರೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಎಷ್ಟೋ ಮನೆಗಳ ಜಗಲಿಯ ಪಕ್ಕದಲ್ಲಿ ಇಂದಿಗೂ ಒಂದು ಹಳೆಯ ಯೆಜ್ಡಿಯೋ ಬುಲೆಟ್ಟೋ ನಿಂತಿರುತ್ತದೆ. ಅದರ ಕೆಳಗೆ ಅಂಗೈಯಗಲದ ಕಪ್ಪು ಕಲೆಯೊಂದು ಇರುತ್ತದೆ. “ಹಳೇ ಗಾಡಿ, ಸೋರುತ್ತೆ” ಎಂಬ ಒಂದು ಮಾತಿನಿಂದ ಆ ಕಲೆಯ ವಿಚಾರವನ್ನು ಮುಗಿಸಿಬಿಡುವುದು ವಾಡಿಕೆ. ಹಳೆಯದಾಗಿರುವುದು ಸೋರಿಕೆಗೆ ಸಂದರ್ಭವೇ ಹೊರತು ಕಾರಣವಲ್ಲ. ಕಾರಣವು ಒಂದು ನಿರ್ದಿಷ್ಟ ಸ್ಥಳದಲ್ಲಿ, ಬಹುಮಟ್ಟಿಗೆ ಬಳೆಗಿಂತಲೂ ಸಣ್ಣದಾದ ವಸ್ತುವಿನಲ್ಲಿ ಅಡಗಿರುತ್ತದೆ. ಅದನ್ನು ಹುಡುಕಿದ ಬಗೆಯನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ಬಳಿ ಇರುವುದು 1986ರ ಯೆಜ್ಡಿ. ಸಿದ್ಧಗಂಗೆಯಲ್ಲಿ ಸಂಸ್ಕೃತ ವ್ಯಾಸಂಗವನ್ನು ಮುಗಿಸಿ, ಪ್ರೌಢಶಾಲೆಯೊಂದರಲ್ಲಿ ಪಂಡಿತರಾಗಿ ಸೇರಿದ ಎರಡನೆಯ ವರ್ಷ ಕಂತಿನ ಮೇಲೆ ಕೊಂಡದ್ದು. ಇದು ನಮ್ಮ ನಾಡಿನಲ್ಲಿಯೇ ಹುಟ್ಟಿದ ವಾಹನವೆಂಬುದನ್ನು ಇಂದಿನ ಮಕ್ಕಳು ಅರಿಯರು. ಮೈಸೂರಿನಲ್ಲಿ 1960ರಲ್ಲಿ ಐಡಿಯಲ್ ಜಾವಾ ಎಂಬ ಕಂಪನಿ ಸ್ಥಾಪಿತವಾಗಿ, ಅಂದಿನ ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯ ಮೇರೆಗೆ 1961ರಿಂದ ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿತು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಬೇರೊಂದು ಕಂಪನಿಯ ಹೊಸ ಗಾಡಿಗಳ ಮೇಲೆ ಮರಳಿ ಕಾಣಿಸಿಕೊಂಡವಾದರೂ, ಅವುಗಳ ಇಂಜಿನ್ನೇ ಬೇರೆ. ಅವುಗಳ ಬಿಡಿಭಾಗ ನಮ್ಮ ಗಾಡಿಗೆ ಆಗದು. ನಮ್ಮ ತುಮಕೂರಿನ ಎಚ್.ಎಂ.ಟಿ. ಗಡಿಯಾರಗಳ ಸ್ಥಿತಿಯೂ ಇದೇ ಅಲ್ಲವೇ? 2016ರಲ್ಲಿ ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಗಡಿಯಾರಗಳು ಮಾತ್ರ ಎಷ್ಟೋ ಹಿರಿಯರ ಮಣಿಕಟ್ಟಿನಲ್ಲಿ ಇನ್ನೂ ನಡೆಯುತ್ತಿವೆ.

ಹೆಬ್ಬೂರಿನಿಂದ ಕುಣಿಗಲ್ಲಿಗೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ನಮ್ಮ ಅಕ್ಕನವರ ಊರು. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಮಂದವಾಗಿದೆ, ಒಂಟಿಯಾಗಿದ್ದಾರೆ. ಊರು ಬಿಟ್ಟು ಬರಲು ಒಲ್ಲರು. ಬಸ್ಸು ಬೆಳಿಗ್ಗೆಗೊಂದು, ಸಂಜೆಗೊಂದು. ವಾರಕ್ಕೊಮ್ಮೆ ಅವರ ಔಷಧ, ಸಾಮಾನುಗಳನ್ನು ಮುಟ್ಟಿಸಿ, ಅವರ ಮಾತು ಕೇಳಿ ಬರುವುದು ಈ ವಾಹನದ ಮೇಲೆಯೇ. ರಜೆಯ ದಿನಗಳಲ್ಲಿ ಹಿಂದಿನ ಸೀಟಿನಲ್ಲಿ ಹತ್ತು ವರ್ಷದ ಮೊಮ್ಮಗನೂ ಇರುತ್ತಾನೆ. ಇಂಜಿನ್ನಿನಿಂದ ಸೋರಿದ ಎಣ್ಣೆ ಗಾಳಿಗೆ ಹಿಂದಕ್ಕೆ ಹಾರಿ ಹಿಂದಿನ ಚಕ್ರದ ಟೈರಿನ ಮೇಲೆ ಕೂತರೆ, ಮಳೆ ಬಿದ್ದ ರಸ್ತೆಯ ತಿರುವಿನಲ್ಲಿ ಏನಾಗಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ವರ್ಷದ ಆಷಾಢದಲ್ಲಿ ಟೈರಿನ ಎಡಬದಿಯಲ್ಲಿ ಜಿಡ್ಡಿನ ಹೊಳಪು ಕಂಡ ದಿನವೇ ಮೊಮ್ಮಗನನ್ನು ಕೂರಿಸಿಕೊಳ್ಳುವುದನ್ನು ನಿಲ್ಲಿಸಿದೆವು.

ಮನೆಯಲ್ಲಿ ಅದಾಗಲೇ ಅಸಮಾಧಾನವಿದ್ದಿತು. ಗಾಡಿ ನಿಲ್ಲುವುದು ಬಾಗಿಲ ಮುಂದಿನ ಸಿಮೆಂಟಿನ ಅಂಗಳದಲ್ಲಿ. ಸೊಸೆ ಬೆಳಿಗ್ಗೆ ಎದ್ದು ಸಾರಿಸಿ ರಂಗೋಲಿ ಇಟ್ಟರೆ, ಎಣ್ಣೆಯ ಜಾಗದಲ್ಲಿ ರಂಗೋಲಿಯ ಪುಡಿ ನೆನೆದು ಕೆಸರಾಗುತ್ತಿತ್ತು. ಬಾಯಿ ಬಿಟ್ಟು ಏನೂ ಅನ್ನದ ಹೆಣ್ಣುಮಗಳು. ಆದರೆ ರಂಗೋಲಿಯು ದಿನದಿಂದ ದಿನಕ್ಕೆ ಬಾಗಿಲಿನ ಬಲಗಡೆಗೆ ಸರಿಯುತ್ತಿದ್ದುದನ್ನು ನಾವು ಗಮನಿಸದೆ ಇರಲಿಲ್ಲ. ಇದರ ಮೇಲೆ ಹೊಗೆ ತಪಾಸಣೆಯಲ್ಲಿ ಗಾಡಿ ನಪಾಸಾಯಿತು. 2000ನೆಯ ಇಸವಿಯ ಮಾರ್ಚ್ 31ಕ್ಕೆ ಮುಂಚೆ ತಯಾರಾದ ದ್ವಿಚಕ್ರ ವಾಹನದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು ಶೇಕಡಾ 4.5ನ್ನೂ, ಸುಡದೆ ಉಳಿದ ಹೈಡ್ರೋಕಾರ್ಬನ್ನು ಹತ್ತು ಲಕ್ಷ ಭಾಗಕ್ಕೆ 9000 ಭಾಗವನ್ನೂ ಮೀರಬಾರದೆಂಬುದು ನಿಯಮ. ನಮ್ಮದು ಎರಡನೆಯ ಮಿತಿಯನ್ನು ದಾಟಿತ್ತು. ಹದಿನೈದು ವರ್ಷ ಕಳೆದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. ಆ ಗಡುವೂ ಸಮೀಪಿಸಿತ್ತು. “ಅಪ್ಪಾಜಿ, ಸಾಕು. ಬೆಂಗಳೂರಲ್ಲಿ ಹಳೇ ಯೆಜ್ಡಿ ಷೋಕಿಗೆ ತಗೊಳ್ಳೋರು ಇದ್ದಾರೆ, ಕೊಟ್ಟುಬಿಡೋಣ. ಅತ್ತೆ ಊರಿಗೆ ನಾನೇ ಕಾರಲ್ಲಿ ಹೋಗಿ ಬರ್ತೀನಿ” ಎಂದು ಮಗ ಹೇಳಿದನು. ಅವನ ಮಾತಿನಲ್ಲಿ ಕಳಕಳಿಯೇ ಇದ್ದಿತು. ಆದರೆ ಅವನ ಕೆಲಸದ ಒತ್ತಡದಲ್ಲಿ ವಾರಕ್ಕೊಮ್ಮೆ ಎಂಬುದು ತಿಂಗಳಿಗೊಮ್ಮೆಯಾಗುತ್ತದೆಂಬುದು ನಮಗೂ ಗೊತ್ತು, ಅವನಿಗೂ ಗೊತ್ತು.

ತುಮಕೂರಿನ ಒಂದು ವರ್ಕ್‌ಷಾಪಿಗೆ ಗಾಡಿಯನ್ನು ಮೊದಲು ಒಯ್ದೆವು. ಅಲ್ಲಿಯ ಹುಡುಗರು ಗಾಡಿಯ ಎಡಗಡೆಯ ದೊಡ್ಡ ಮುಚ್ಚಳದ ಸುತ್ತ ಎಣ್ಣೆ ಕಂಡೊಡನೆ ಪ್ಯಾಕಿಂಗ್ ಹೋಗಿದೆಯೆಂದು ತೀರ್ಮಾನಿಸಿ, ಮುಚ್ಚಳ ಬಿಚ್ಚಿ, ಅಂಚಿಗೆಲ್ಲ ಧಾರಾಳವಾಗಿ ಪೇಸ್ಟು ಮೆತ್ತಿ, ಸ್ಕ್ರೂಗಳನ್ನು ಶಕ್ತಿಯಿದ್ದಷ್ಟು ಬಿಗಿದು ಕೊಟ್ಟರು. ಮೂರನೆಯ ದಿನ ಎಣ್ಣೆ ಅದೇ ಜಾಗಕ್ಕೆ ತೊಟ್ಟಿಕ್ಕಿತು. ಮತ್ತೆ ಒಯ್ದರೆ ಮತ್ತೆ ಪೇಸ್ಟು. ಕಡಿಮೆಯಾದ ಗೇರ್ ಆಯಿಲನ್ನು ತುಂಬಿಸಿ, “ಹಳೇ ಗಾಡಿ ಸಾರ್, ಇಷ್ಟೇ” ಎಂದರು. ಕಲೆ ಕಂಡ ಜಾಗಕ್ಕೆ ಮದ್ದು ಹಚ್ಚುವ ಈ ಪದ್ಧತಿಯು ಆಕಳು ಒದ್ದ ಗಾಯಕ್ಕೆ ಆಕಳಿನ ಕೊಂಬನ್ನು ಕಟ್ಟಿಹಾಕಿದಂತೆ.

ಗುಬ್ಬಿಯ ಪೇಟೆಯ ಒಳಬೀದಿಯಲ್ಲಿ ಹಳೆಯ ಯೆಜ್ಡಿಗಳ ಕೆಲಸವನ್ನೇ ಮಾಡುವ ಮೇಸ್ತ್ರಿಯೊಬ್ಬರು ಇದ್ದಾರೆಂದು ಸಹೋದ್ಯೋಗಿಗಳಾಗಿದ್ದ ಒಬ್ಬರು ತಿಳಿಸಿದರು. ತುಮಕೂರಿನಿಂದ ಗುಬ್ಬಿಗೆ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರು. ಮೇಸ್ತ್ರಿಗಳಿಗೆ ನಮಗಿಂತ ನಾಲ್ಕೈದು ವರ್ಷ ಹೆಚ್ಚು. ಯೌವನದಲ್ಲಿ ಮೈಸೂರಿನಲ್ಲಿದ್ದು ಕೆಲಸ ಕಲಿತವರು. ಗಾಡಿಯನ್ನು ನೋಡಿದವರೇ ಸ್ಪ್ಯಾನರಿಗೆ ಕೈ ಹಾಕಲಿಲ್ಲ. “ಮೇಷ್ಟ್ರೇ, ಮೊದಲು ಇದಕ್ಕೆ ಸ್ನಾನ ಆಗ್ಲಿ” ಎಂದರು.

ಈ ಸ್ನಾನದ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅಗತ್ಯ, ಏಕೆಂದರೆ ಮಿಕ್ಕ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ವರ್ಷಗಟ್ಟಲೆ ಸೋರಿದ ಇಂಜಿನ್ನಿನ ಮೇಲೆ ಎಣ್ಣೆ ಮತ್ತು ಧೂಳು ಸೇರಿ ಒಂದು ಪದರವಾಗಿರುತ್ತದೆ. ಹೊಸದಾಗಿ ಹೊರಬಂದ ಹನಿಯು ಆ ಪದರದೊಳಗೆ ಹೀರಿಹೋಗಿ, ಲೋಹದ ಅಂಚುಗಳನ್ನು ಹಿಡಿದು ಹರಿದು, ಗಾಳಿಯ ರಭಸಕ್ಕೆ ಹಿಂದಕ್ಕೆ ಸರಿದು, ಎಲ್ಲಕ್ಕಿಂತ ತಗ್ಗಿನಲ್ಲಿರುವ ಬೋಲ್ಟಿನ ತುದಿಯಿಂದ ಕೆಳಗೆ ಬೀಳುತ್ತದೆ. ನೋಡಿದವರು ಆ ಬೋಲ್ಟೇ ಸೋರುತ್ತಿದೆಯೆನ್ನುತ್ತಾರೆ. ಮಾಳಿಗೆಯ ಮನೆಯಲ್ಲಿ ಮಳೆಯ ನೀರು ತೊಟ್ಟಿಕ್ಕುವ ಜಾಗಕ್ಕೂ ಮೇಲೆ ಗಾರೆ ಒಡೆದ ಜಾಗಕ್ಕೂ ಎರಡು ಅಂಕಣದ ಅಂತರವಿರುವುದನ್ನು ಹಳ್ಳಿಯ ಹಿರಿಯರು ಬಲ್ಲರು. ಸೀಮೆಎಣ್ಣೆ, ಹಳೆಯ ಬ್ರಷ್ಷು, ಚಿಂದಿ ಬಟ್ಟೆ, ಕೊನೆಗೆ ಸೋಪಿನ ನೀರು: ಇಷ್ಟರಲ್ಲಿ ಒಂದು ಮುಂಜಾನೆ ಕಳೆಯಿತು. ಮೇಸ್ತ್ರಿಗಳ ಕೈಕೆಳಗಿನ ಹುಡುಗನೊಡನೆ ನಾವೂ ತೋಳು ಮಡಿಸಿ ಕುಳಿತೆವು. ಪೇಸ್ಟಿನ ಬಳ್ಳಿಗಳನ್ನು ಉಗುರಿನಿಂದ ಕಿತ್ತು ತೆಗೆದ ಮೇಲೆ, ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ನಮ್ಮೊಡನಿದ್ದ ಇಂಜಿನ್ನಿನ ನಿಜವಾದ ಬಣ್ಣವನ್ನು ಬಹುದಿನಗಳ ಮೇಲೆ ಕಂಡೆವು.

ಒಣಗಿದ ಇಂಜಿನ್ನಿನ ಮೇಲೆ ಬಿಳಿಯ ಪುಡಿಯನ್ನು ಸವರಿ, ಗಾಡಿಯನ್ನು ಓಡಿಸಿ ನೋಡಬೇಕು. ಎಣ್ಣೆ ಎಲ್ಲಿ ಮೊದಲು ಒಸರುತ್ತದೆಯೋ ಅಲ್ಲಿ ಪುಡಿ ಕಪ್ಪಾಗುತ್ತದೆ. ಬಿಳಿಯ ಪುಡಿ ಎಲ್ಲಿದೆಯೆಂದು ಮೇಸ್ತ್ರಿಗಳು ಕೇಳಿದಾಗ ಆ ಹುಡುಗ ನಮ್ಮ ಹಣೆಯನ್ನೊಮ್ಮೆ ನೋಡಿ, “ಮೇಷ್ಟ್ರ ಚೀಲದಲ್ಲಿ ವಿಭೂತಿ ಗಟ್ಟಿ ಇರುತ್ತಲ್ವಾ” ಎಂದು ಮೆಲ್ಲಗೆ ಉಸುರಿದ. ಮೇಸ್ತ್ರಿಗಳು ಅವನ ತಲೆಗೊಂದು ಮೊಟಕಿದರು. ನಮಗೆ ನಗು ತಡೆಯಲಾಗಲಿಲ್ಲ. ನಮ್ಮ ಚೀಲದಲ್ಲಿ ಸೀಮೆಸುಣ್ಣವೂ ಇರುತ್ತದೆ, ನಿವೃತ್ತರಾದರೂ ಬಿಡದ ಅಭ್ಯಾಸ. ಅದನ್ನೇ ಕುಟ್ಟಿ ಪುಡಿಮಾಡಿ ಸವರಿದೆವು.

ಒಂದು ಕಿಲೋಮೀಟರು ಓಡಿಸಿ ಬಂದು ನೋಡಿದಾಗ ಎಡಗಡೆಯ ಮುಚ್ಚಳದ ಅಂಚು, ತುಮಕೂರಿನಲ್ಲಿ ಎರಡು ಸಲ ಪೇಸ್ಟು ಮೆತ್ತಿದ್ದ ಆ ಅಂಚು, ಅಪ್ಪಟ ಬಿಳಿಯಾಗಿಯೇ ಇತ್ತು. ಕಪ್ಪಾಗಿದ್ದುದು ಕಿಕ್ಕರು ಹೊರಬರುವ ರಂಧ್ರದ ಕೆಳಗಿನ ಒಂದು ಸಣ್ಣ ಗೆರೆ. ಯೆಜ್ಡಿಯ ಒಂದು ವೈಶಿಷ್ಟ್ಯವನ್ನು ಇಲ್ಲಿ ಹೇಳಬೇಕು. ಅದರಲ್ಲಿ ಗೇರು ಹಾಕುವ ಕೋಲೂ ಕಿಕ್ ಹೊಡೆಯುವ ಕೋಲೂ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಇಳಿಸಿದರೆ ಗೇರು. ಒಂದರೊಳಗೊಂದು ಕೂತ ಷಾಫ್ಟುಗಳು ಎಡಗಡೆಯ ಮುಚ್ಚಳದ ಮೂಲಕ ಹೊರಗೆ ಬರುತ್ತವೆ. ದಿನಕ್ಕೆ ನೂರಾರು ಸಲ ಗೇರಿಗಾಗಿ ಅಲುಗಿ, ಹತ್ತಾರು ಸಲ ಕಿಕ್ಕಿಗಾಗಿ ತಿರುಗಿ, ವರ್ಷಗಳ ತರುವಾಯ ಆ ರಂಧ್ರ ಸವೆದು ಅಂಡಾಕಾರವಾಗುತ್ತದೆ. ಇದು ತಯಾರಿಸಿದವರ ದೋಷವಲ್ಲ; ಸವೆಯದ ಲೋಹವಿಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಗಾಡಿ ಎಡಕ್ಕೆ ವಾಲಿ, ಎಣ್ಣೆಯೆಲ್ಲ ಆ ಮುಚ್ಚಳದ ಕಡೆಗೆ ಬಂದು ನಿಂತು, ರಾತ್ರಿಯಿಡೀ ಒಸರುತ್ತದೆ. ಡಬಲ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ ಕಡಿಮೆ. ಅಂಗಳದ ಕಲೆಯ ಮೂಲ ಅಲ್ಲಿಗೆ ತಿಳಿಯಿತು.

ಬೇರೆ ಕೆಲವು ಸುಳ್ಳು ಸಾಕ್ಷಿಗಳನ್ನೂ ಮೇಸ್ತ್ರಿಗಳು ತೋರಿಸಿದರು. ಸೈಲೆನ್ಸರಿನ ಕೊಳವೆ ಇಂಜಿನ್ನಿಗೆ ಸೇರುವಲ್ಲಿ ಕಾಣುವ ಕಪ್ಪು ಅಂಟು ಒಳಗಿನ ಎಣ್ಣೆಯ ಸೋರಿಕೆಯಲ್ಲ, ಸುಡದೆ ಹೊರಬಿದ್ದ ಎಣ್ಣೆ. ಕಾರ್ಬೊರೇಟರಿನ ಕೆಳಗಿನ ಜಿಡ್ಡು ಪೆಟ್ರೋಲಿನದು: ಎರಡು ಸ್ಟ್ರೋಕಿನ ಈ ಇಂಜಿನ್ನಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸುವುದರಿಂದ, ತೊಟ್ಟಿಕ್ಕಿದ ಪೆಟ್ರೋಲು ಆರಿಹೋಗಿ ಎಣ್ಣೆ ಮಾತ್ರ ಉಳಿಯುತ್ತದೆ. ಚೈನಿಗೆ ಹಾಕಿದ ಎಣ್ಣೆ ಸಿಡಿದು ಚಕ್ರದ ಸುತ್ತ ಕೂರುವುದೂ ಉಂಟು. ಎಲ್ಲವೂ ಒಂದೇ ಕಪ್ಪಾಗಿ ಕಂಡರೂ ಬೆರಳಿಗೆ ಹಚ್ಚಿಕೊಂಡು ಮೂಸಿದರೆ ಬೇರೆ ಬೇರೆ. ನಾವೂ ಮೂಸಿ ನೋಡಿದೆವು. ಗೇರಿನ ಎಣ್ಣೆಯ ಘಾಟು ಒಮ್ಮೆ ಪರಿಚಯವಾದರೆ ಮರೆಯುವಂತಹುದಲ್ಲ.

ಇಲ್ಲಿಗೆ ಕೆಲಸ ಮುಗಿಯಿತೆಂದು ನಾವು ಭಾವಿಸುವಷ್ಟರಲ್ಲಿ ಮೇಸ್ತ್ರಿಗಳು ಒಂದು ಪ್ರಶ್ನೆ ಹಾಕಿದರು. “ಮೇಷ್ಟ್ರೇ, ಆ ವರ್ಕ್‌ಷಾಪಲ್ಲಿ ತಿಂಗಳಿಗೆ ಎಷ್ಟು ಆಯಿಲ್ ತುಂಬ್ತಿದ್ರು?” ಕಾಲು ಲೀಟರಿಗೂ ಹೆಚ್ಚೆಂದು ಹೇಳಿದೆವು. “ಈ ತೂತಿಂದ ಅಷ್ಟು ಹೋಗಲ್ಲ. ಹಂಗಾದ್ರೆ ಮಿಕ್ಕಿದ್ದು ಎಲ್ಲಿಗೆ ಹೋಯ್ತು?”

ಈ ಪ್ರಶ್ನೆಯನ್ನು ಕೇಳಿದೊಡನೆ ನಮಗೆ ಪಾಠಶಾಲೆಯ ದಿನಗಳು ನೆನಪಾದವು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಎಲ್ಲ ವಿದ್ಯಾರ್ಥಿಗಳಿಗೂ ಬೆಟ್ಟದ ಹೊಗೆಯ ಉದಾಹರಣೆ ಗೊತ್ತು. ಬೆಟ್ಟದಲ್ಲಿ ಹೊಗೆ ಕಾಣುತ್ತದೆ, ಅಡಿಗೆಮನೆಯಲ್ಲಿ ಹೊಗೆಯಿದ್ದಾಗ ಬೆಂಕಿಯಿರುತ್ತದೆ, ಕೊಳದಲ್ಲಿ ಬೆಂಕಿಯಿಲ್ಲವಾಗಿ ಹೊಗೆಯೂ ಇಲ್ಲ. ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆಯೆಂದು ಊಹಿಸುವುದು. ಆದರೆ ಗುರುಗಳು ಅದಕ್ಕಿಂತ ಹೆಚ್ಚಾಗಿ ಒತ್ತಿ ಹೇಳುತ್ತಿದ್ದುದು ತಪ್ಪು ಹೇತುಗಳ ಪ್ರಕರಣವನ್ನು. ನೆಲದ ಮೇಲೆ ಎಣ್ಣೆಯಿದೆ, ಆದ್ದರಿಂದ ಪ್ಯಾಕಿಂಗ್ ಹೋಗಿದೆ ಎಂಬ ಅನುಮಾನದಲ್ಲಿ ಹೇತುವೇ ಕೆಟ್ಟಿದೆ, ಏಕೆಂದರೆ ಪ್ಯಾಕಿಂಗ್ ಸರಿಯಿದ್ದಾಗಲೂ ನೆಲದ ಮೇಲೆ ಎಣ್ಣೆಯಿರಬಹುದು. ಮೇಸ್ತ್ರಿಗಳು ತರ್ಕಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರು ಹಾಕಿದ ಪ್ರಶ್ನೆ ಶುದ್ಧ ತರ್ಕದ್ದು: ಕಾಣುವ ಕಾರ್ಯಕ್ಕೆ ಹೇಳಿದ ಕಾರಣವು ಸಾಲದಾದಾಗ ಇನ್ನೊಂದು ಕಾರಣವನ್ನು ಹುಡುಕಬೇಕು.

ಲೆಕ್ಕವಿಟ್ಟು ನೋಡೋಣವೆಂದು ನಿಶ್ಚಯವಾಯಿತು. ಹಳೆಯ ಗೇರ್ ಆಯಿಲನ್ನು ಪೂರ್ತಿ ಇಳಿಸಿ, ಹೊಸದನ್ನು ಅಳೆದು ಹಾಕಿ, ಅಳತೆಯನ್ನು ಗೋಡೆಯ ಮೇಲೆ ಬರೆದರು. ಇಂಜಿನ್ನಿನ ಕೆಳಗೆ, ಸೈಲೆನ್ಸರಿನ ಬಿಸಿ ತಗುಲದಂತೆ, ನಮ್ಮ ಹಳೆಯ ಪಂಚೆಯ ತುಂಡೊಂದನ್ನು ಕಟ್ಟಿದರು. ಓಡುವಾಗ ಬೀಳುವ ಹನಿಗಳು ಅದರಲ್ಲಿ ನಿಲ್ಲಲೆಂದು. ಮನೆಯಲ್ಲಿ ನಿಂತಾಗ ಕೆಳಗಿಡಲು ಸೊಸೆ ಒಂದು ಸೊಟ್ಟಾದ ಸ್ಟೀಲ್ ತಟ್ಟೆಯನ್ನು ಕೊಟ್ಟಳು. ಎಂಟು ದಿನಗಳಲ್ಲಿ ಅಕ್ಕನ ಊರಿಗೆ ಎರಡು ಸಲ, ಬೇರೆ ಕೆಲಸಗಳಿಗೆ ಅಲ್ಲಿ ಇಲ್ಲಿ ಸೇರಿ 210 ಕಿಲೋಮೀಟರು ಓಡಿತು. ತಟ್ಟೆಯಲ್ಲಿ ಶೇಖರವಾದುದನ್ನು ಮೊಮ್ಮಗನ ಕೆಮ್ಮಿನ ಔಷಧದ ಅಳತೆಯ ಮುಚ್ಚಳದಲ್ಲಿ ಅಳೆದರೆ 20 ಮಿಲಿಲೀಟರು. (ಆ ಮುಚ್ಚಳವನ್ನು ಆಮೇಲೆ ಎಸೆದೆವೆಂದು ಓದುವ ತಾಯಂದಿರಿಗೆ ತಿಳಿಸುತ್ತೇವೆ.) ಪಂಚೆಯ ತುಂಡಿನಲ್ಲಿ ಐದಾರು ಹನಿಯ ಕಲೆ, ಹೆಚ್ಚೆಂದರೆ 10 ಮಿಲಿಲೀಟರೆನ್ನೋಣ. ಗುಬ್ಬಿಯಲ್ಲಿ ಎಣ್ಣೆಯನ್ನು ಇಳಿಸಿ ಅಳೆದಾಗ ಒಟ್ಟು ಕಡಿಮೆಯಾಗಿದ್ದುದು 160 ಮಿಲಿಲೀಟರು. ಉಳಿದ 130 ಮಿಲಿಲೀಟರು ಹೊರಗೆ ಎಲ್ಲಿಯೂ ಬಿದ್ದಿರಲಿಲ್ಲ.

ಹೊರಗೆ ಬೀಳದೆ ಹೋದ ಎಣ್ಣೆ ಒಳಗೇ ಹೋಗಿರಬೇಕು. ಒಳಗೆ ಹೋದದ್ದು ಉರಿದಿರಬೇಕು. ಉರಿದದ್ದಕ್ಕೆ ಸಾಕ್ಷಿ ಹೊಗೆ. ಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸಿದರೆ ಇಲ್ಲಿ ಹೊಗೆಯಿಂದ ಎಣ್ಣೆಯನ್ನು ಊಹಿಸಬೇಕಾಯಿತು. ಎರಡು ಸ್ಟ್ರೋಕಿನ ಗಾಡಿ ಬೆಳಿಗ್ಗೆ ಹೊರಡುವಾಗ ಹೊಗೆಯುಗುಳುವುದು ಸಾಮಾನ್ಯ. ಬಿಸಿಯಾದ ಮೇಲೆ ತೆಳುವಾಗಬೇಕು. ನಮ್ಮದರಲ್ಲಿ ಹತ್ತು ಮೈಲಿ ಓಡಿದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲುತ್ತಿರಲಿಲ್ಲ. ಬೆರಕೆಯ ಎಣ್ಣೆ ಹೆಚ್ಚಾಗಿರಬಹುದೆಂಬ ಸಂಶಯವೂ ನಿಲ್ಲದಂತೆ ಆ ಎಂಟು ದಿನ ಲೀಟರು ಪೆಟ್ರೋಲಿಗೆ 40 ಮಿಲಿಲೀಟರನ್ನು ಅಳೆದೇ ಹಾಕಿದ್ದೆವು. ಖರ್ಚಾದ ಪೆಟ್ರೋಲು 7 ಲೀಟರು, ಅದರಲ್ಲಿ ಬೆರೆತ ಎಣ್ಣೆ 280 ಮಿಲಿಲೀಟರು. ಇದರ ಮೇಲೆ ಗೇರ್‌ಬಾಕ್ಸಿನ 130. ಅಂದರೆ ಇಂಜಿನ್ನು ತನಗೆ ಬೇಕಾದ ಎಣ್ಣೆಯ ಸುಮಾರು ಒಂದೂವರೆ ಪಟ್ಟನ್ನು ಸುಡುತ್ತಿತ್ತು. ಪ್ಲಗ್ಗು ಬಿಚ್ಚಿದರೆ ಒದ್ದೆಯಾಗಿ ಕಪ್ಪಾಗಿತ್ತು. ಹೊಗೆ ತಪಾಸಣೆಯಲ್ಲಿ ನಪಾಸಾದುದಕ್ಕೂ ಅಂಗಳದ ಕಲೆಗೂ ಸಂಬಂಧವೇ ಇಲ್ಲವೆಂದು ಮನೆಯವರೆಲ್ಲ ಭಾವಿಸಿದ್ದರಷ್ಟೆ. ಎರಡರ ಹಿಂದೆಯೂ ಇದ್ದುದು ಒಂದೇ ತೊಟ್ಟಿಯ ಎಣ್ಣೆ.

ಎಣ್ಣೆ ಒಳಗೆ ಹೋಗುವ ದಾರಿಯನ್ನು ಹೀಗೆ ತಿಳಿಯಬಹುದು. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕಿನ ಕೋಣೆ ಕಮ್ಮಾರನ ತಿದಿಯಿದ್ದಂತೆ. ಪಿಸ್ಟನ್ನು ಮೇಲೇರಿದಾಗ ಆ ಕೋಣೆ ಪೆಟ್ರೋಲಿನ ಆವಿಯನ್ನು ಎಳೆದುಕೊಳ್ಳುತ್ತದೆ, ಇಳಿದಾಗ ಅದನ್ನು ಒತ್ತಿ ಮೇಲಕ್ಕೆ ಕಳುಹಿಸುತ್ತದೆ. ಕ್ರ್ಯಾಂಕಿನ ಷಾಫ್ಟು ಎಡಗಡೆಗೆ ಹೊರಬಂದು ಚೈನಿನ ಮೂಲಕ ಕ್ಲಚ್ಚನ್ನು ತಿರುಗಿಸುವುದು ಗೇರ್ ಆಯಿಲಿನ ನಡುವೆ. ಈ ಎರಡು ಕೋಣೆಗಳ ನಡುವೆ ಇರುವುದು ಒಂದೇ ಒಂದು ರಬ್ಬರಿನ ಸೀಲು. ಅದರ ತುಟಿಯು ಷಾಫ್ಟನ್ನು ಹಿತವಾಗಿ ತಬ್ಬಿರುತ್ತದೆ, ತುಟಿಯ ಹಿಂದೆ ಕೂದಲೆಳೆಯಂತಹ ಸ್ಪ್ರಿಂಗಿನ ಬಳೆ ಇರುತ್ತದೆ. ರಬ್ಬರು ಗಟ್ಟಿಯಾಗಿ ತುಟಿ ಬಿಟ್ಟುಕೊಂಡರೆ, ತಿದಿಯು ಆವಿಯ ಜೊತೆಗೆ ಗೇರ್ ಆಯಿಲನ್ನೂ ಎಳೆದುಕೊಳ್ಳುತ್ತದೆ. ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಬಲಗಡೆಯ ಸೀಲು ಹೋದರೆ ಎಣ್ಣೆಯ ಬದಲು ಗಾಳಿ ಒಳಗೆ ನುಗ್ಗಿ ಇಂಜಿನ್ನು ನಿಂತಲ್ಲಿ ನಿಲ್ಲದೆ ಏರಿಳಿಯುತ್ತದೆ. ನಮ್ಮದರಲ್ಲಿ ಆ ಲಕ್ಷಣವಿರಲಿಲ್ಲ.

ಕ್ಲಚ್ಚು, ಚೈನು, ಹಲ್ಲುಗಾಲಿಗಳನ್ನೆಲ್ಲ ಬಿಚ್ಚಿದ ಮೇಲೆಯೇ ಆ ಸೀಲಿನ ಬಳಿಗೆ ಕೈ ಹೋಗುವುದು. ಹೊರಗೆ ತೆಗೆದಾಗ ಅದು ಸುಟ್ಟ ಹಪ್ಪಳದಂತೆ ಮುರಿಯಿತು. ಸ್ಪ್ರಿಂಗಿನ ಬಳೆ ಕಳಚಿ ಕೆಳಗೆ ಬಿತ್ತು. ಸೀಲಿನ ಮೇಲೆ ಒಳಸುತ್ತು, ಹೊರಸುತ್ತು, ದಪ್ಪ ಎಂಬ ಮೂರು ಅಳತೆಗಳು ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತವೆ. ಹಳೆಯದನ್ನು ಎಸೆಯದೆ ಅಂಗಡಿಗೆ ಒಯ್ಯಬೇಕೆಂಬುದು ಇದಕ್ಕಾಗಿಯೇ. ಕಾರ್ಖಾನೆ ಮುಚ್ಚಿದರೂ ಅಳತೆ ಮುಚ್ಚುವುದಿಲ್ಲ. ಅದೇ ಅಳತೆಯ ಸೀಲು ಬೇರೆ ಯಾವುದೋ ಯಂತ್ರಕ್ಕಾಗಿ ಎಲ್ಲೋ ತಯಾರಾಗುತ್ತಿರುತ್ತದೆ.

ಗುಬ್ಬಿಯಲ್ಲಾಗಲಿ ತುಮಕೂರಿನಲ್ಲಾಗಲಿ ಅದು ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕಾಯಿತು. ಮೇಸ್ತ್ರಿಗಳು ಇದಕ್ಕೆ ನಗುತ್ತ ಹೇಳಿದ ಮಾತು ಸ್ವಾರಸ್ಯವಾಗಿದೆ: “ನಮ್ಮ ಗುಬ್ಬೀಲಿ ಹೆಲಿಕಾಪ್ಟರ್ ಮಾಡ್ತಾರೆ ಮೇಷ್ಟ್ರೇ, ಯೆಜ್ಡಿ ಸೀಲ್ ಮಾತ್ರ ಸಿಕ್ಕಲ್ಲ.” ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯನ್ನು ಪ್ರಧಾನ ಮಂತ್ರಿಗಳು ಉದ್ಘಾಟಿಸಿದ್ದು 2023ರ ಫೆಬ್ರುವರಿ 6ರಂದು. ಅದೇ ದಿನ ಬೆಂಗಳೂರಿನಲ್ಲಿ ಅವರು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿಗೂ ಚಾಲನೆ ನೀಡಿದರೆಂಬುದು ಇನ್ನೊಂದು ಕಾಕತಾಳೀಯ. ಎಥನಾಲು ಹಳೆಯ ಕಾಲದ ರಬ್ಬರಿಗೆ ಒಗ್ಗದೆಂಬುದು ಮೇಸ್ತ್ರಿಗಳ ಅಭಿಪ್ರಾಯ. ಆದ್ದರಿಂದ ಕಪ್ಪು ರಬ್ಬರಿನ ಸೀಲನ್ನು ಬಿಟ್ಟು, ವಿಟಾನ್ ಎಂಬ ಕಂದುಬಣ್ಣದ ವಸ್ತುವಿನದನ್ನು ಕೇಳಿ ತರುವಂತೆ ಚೀಟಿಯಲ್ಲಿ ಬರೆದುಕೊಟ್ಟರು. ಬೆಲೆ ಹೆಚ್ಚು, ತಂದೆವು.

ಕಿಕ್ಕರಿನ ರಂಧ್ರದ ಕೆಲಸ ಬಾಕಿಯಿತ್ತು. ಅಂಡಾಕಾರವಾದ ರಂಧ್ರದಲ್ಲಿ ಎಷ್ಟು ಹೊಸ ರಬ್ಬರಿನ ಬಳೆ ಹಾಕಿದರೂ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಲೇತಿನ ಮೇಲೆ ರಂಧ್ರವನ್ನು ದುಂಡಗೆ ಕೊರೆದು, ಒಳಗೆ ಗನ್ ಮೆಟಲ್ಲಿನ ಬುಷ್ಷು ಕೂರಿಸಬೇಕು. ಅದಕ್ಕೆ ಕುಣಿಗಲ್ಲಿನಲ್ಲಿ ಒಬ್ಬರಿದ್ದಾರೆ, ಅವರ ಕೈ ನಡುಗುವುದಿಲ್ಲ ಎಂದು ಮೇಸ್ತ್ರಿಗಳು ಕಳುಹಿಸಿದರು. ಎಡಗಡೆಯ ಮುಚ್ಚಳವನ್ನು ಗೋಣಿಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು. ಕುಣಿಗಲ್ಲೆಂದರೆ ಜನರಿಗೆ ನೆನಪಾಗುವುದು ದೊಡ್ಡಕೆರೆ ಮತ್ತು ಕುದುರೆ ಫಾರಂ. ಅಲ್ಲಿಯ ಲೇತಿನವರನ್ನು ಯಾರೂ ಹಾಡಿಲ್ಲ. ರೈತರ ಪಂಪುಸೆಟ್ಟುಗಳ ಷಾಫ್ಟು, ಬುಷ್ಷುಗಳ ನಡುವೆ ನಮ್ಮ ಮುಚ್ಚಳಕ್ಕೆ ಸರದಿ ಬರಲು ಮಧ್ಯಾಹ್ನ ಕಳೆಯಿತು. ಅವರು ಮೊದಲು ಷಾಫ್ಟನ್ನು ಅಳೆದರು, ನಾಲ್ಕು ಕಡೆ ಅಳೆದರು, ಕಾಗದದ ಮೇಲೆ ಬರೆದುಕೊಂಡರು, ಮತ್ತೊಮ್ಮೆ ಅಳೆದರು. ಕೊರೆಯುವ ಕೆಲಸಕ್ಕೆ ಹಿಡಿದದ್ದು ಅರ್ಧ ಗಂಟೆ, ಅಳೆಯುವುದಕ್ಕೆ ಒಂದು ಗಂಟೆ. ಹಿಂದೆ ಬಿಗಿದು ಥ್ರೆಡ್ಡು ಕೀಳಿಸಿದ್ದ ಎರಡು ಸ್ಕ್ರೂಗಳ ರಂಧ್ರಗಳಿಗೂ ಪರಿಹಾರ ಮಾಡಿಕೊಡುವ ವಿಧಾನವನ್ನು ಚೀಟಿಯಲ್ಲಿ ಬರೆದು ಮೇಸ್ತ್ರಿಗಳಿಗೆ ಕಳುಹಿಸಿದರು. ಒಬ್ಬರನ್ನೊಬ್ಬರು ನೋಡಿ ಐದು ವರ್ಷವಾಯಿತಂತೆ. ಕೆಲಸದ ಮೂಲಕವೇ ಅವರ ಕುಶಲಪ್ರಶ್ನೆ.

ಜೋಡಿಸುವಾಗ ನಾವು ಪೂರ್ತಿ ಎದುರಿಗೆ ಕುಳಿತಿದ್ದೆವು. ಮೇಸ್ತ್ರಿಗಳು ಕ್ರ್ಯಾಂಕಿನ ಷಾಫ್ಟಿನ ಮೇಲೆ, ಹಳೆಯ ಸೀಲು ಕೂತಿದ್ದ ಜಾಗದಲ್ಲಿ ಉಗುರನ್ನು ಎಳೆದು ನೋಡಿದರು. ಬಹಳ ನವಿರಾದ ಗೆರೆಯೊಂದು ಬಿದ್ದಿತ್ತು. ಹೊಸ ಸೀಲನ್ನು ಹಳೆಯದು ಕೂತಿದ್ದಷ್ಟು ಆಳಕ್ಕೆ ಒತ್ತದೆ ಅಕ್ಕಿಕಾಳಿನ ಅರ್ಧದಷ್ಟು ಹೊರಗೆ ನಿಲ್ಲಿಸಿದರು. ತುಟಿಯು ಸವೆಯದ ಲೋಹದ ಮೇಲೆ ಕೂರಲೆಂದು. ತುಟಿಗೆ ಎಣ್ಣೆ ಸವರಿಯೇ ಕೂರಿಸಿದರು, ಒಣಗಿದ್ದರೆ ಮೊದಲ ತಿರುವಿನಲ್ಲಿಯೇ ಹರಿಯುತ್ತದಂತೆ. ಪ್ಯಾಕಿಂಗನ್ನು ಅಂಗಡಿಯಿಂದ ತರಲಿಲ್ಲ. ಪ್ಯಾಕಿಂಗ್ ಕಾಗದದ ಹಾಳೆಯನ್ನು ಇಂಜಿನ್ನಿನ ಅಂಚಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತ ಹೋದರು. ಅಂಚಿನ ಮೊನೆಗೆ ಕಾಗದ ತಾನಾಗಿ ಕತ್ತರಿಸಿಕೊಂಡು, ಹತ್ತು ನಿಮಿಷದಲ್ಲಿ ಮುಚ್ಚಳದ ಆಕಾರವೇ ಕೈಗೆ ಬಂದಿತು. ಪೇಸ್ಟಿನ ಹೆಸರೆತ್ತಲಿಲ್ಲ. ಸ್ಕ್ರೂಗಳನ್ನು ಒಂದರ ಎದುರಿಗೊಂದರಂತೆ ಸ್ವಲ್ಪ ಸ್ವಲ್ಪವಾಗಿ ಮೂರು ಸುತ್ತಿನಲ್ಲಿ ಬಿಗಿದರು. ಮಂತ್ರದಲ್ಲಿ ಸ್ವರ ತಪ್ಪದ ಪುರೋಹಿತರನ್ನು ಎಷ್ಟೋ ಮಂದಿಯನ್ನು ಕಂಡಿದ್ದೇವೆ. ಸ್ಕ್ರೂಗಳ ಸರದಿ ತಪ್ಪದವರನ್ನು ಕಂಡದ್ದು ಕಡಿಮೆ.

ಸೀಲು, ಬುಷ್ಷು, ಎಣ್ಣೆ, ಇಬ್ಬರ ಕೂಲಿ ಎಲ್ಲ ಸೇರಿ 2,600 ರೂಪಾಯಿ ಆಯಿತು. ಇಳಿಸಿದ ಹಳೆಯ ಎಣ್ಣೆಯನ್ನು ಮೇಸ್ತ್ರಿಗಳು ಪೀಪಾಯಿಗೆ ಸುರಿದಿಟ್ಟರು. ಅದನ್ನು ಚರಂಡಿಗೆ ಚೆಲ್ಲುವವರುಂಟು. ಬಾವಿ, ಬೋರ್‌ವೆಲ್ಲುಗಳ ನೀರನ್ನೇ ನಂಬಿದ ನಮ್ಮ ಸೀಮೆಯಲ್ಲಿ ಅದು ಸಲ್ಲದು.

ಗಾಡಿ ಬಿಸಿಯಾದ ಮೇಲೆ ಹೊಗೆ ಈಗ ಅಗರಬತ್ತಿಯಷ್ಟಕ್ಕೆ ಇಳಿದಿದೆ. ತಪಾಸಣೆಯಲ್ಲಿ ಎರಡೂ ಅಂಕಿಗಳು ಮಿತಿಯೊಳಗೆ ಬಂದು ಪ್ರಮಾಣಪತ್ರ ದೊರೆಯಿತು. ಹಿಂದಿನ ಟೈರನ್ನು ಒಂದು ತಿಂಗಳು ದಿನವೂ ಬೆರಳಿನಿಂದ ಸವರಿ ನೋಡಿದ ಮೇಲೆ ಮೊಮ್ಮಗನು ಮತ್ತೆ ಹಿಂದಿನ ಸೀಟಿಗೆ ಬಂದಿದ್ದಾನೆ. ಗಾಡಿಯ ಶಬ್ದವನ್ನು ದೂರದಿಂದಲೇ ಗುರುತಿಸುವ ಅಕ್ಕ, “ಇಬ್ರು ಬರ್ತಾವ್ರೆ” ಎಂದು ಒಲೆಯ ಮೇಲೆ ಇನ್ನೊಂದು ಲೋಟ ಹಾಲು ಇಡುತ್ತಾರಂತೆ. ಭಾರ ಹೆಚ್ಚಾದಾಗ ಶಬ್ದ ಬೇರೆಯೆಂದು ಅವರ ವಾದ. ಕಿಕ್ಕರಿನ ಕೆಳಗೆ ಎಂಟು ದಿನಕ್ಕೊಂದು ಹನಿ ಇನ್ನೂ ಕಾಣಿಸುತ್ತದೆ. ಅದನ್ನು ಮುಟ್ಟಬೇಡಿ, ಆ ಷಾಫ್ಟಿಗೂ ವಯಸ್ಸಾಗಿದೆ ಎಂದು ಮೇಸ್ತ್ರಿಗಳು ಹೇಳಿದ್ದಾರೆ. ಸಾವಿರ ಕಿಲೋಮೀಟರು ಆದ ಮೇಲೆ ಎಣ್ಣೆಯನ್ನು ಮತ್ತೊಮ್ಮೆ ಪೂರ್ತಿ ಇಳಿಸಿ ಅಳೆಯಬೇಕೆಂದು ಗೋಡೆಯ ಮೇಲಿನ ಅಂಕಿಯನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಇನ್ನು 140 ಕಿಲೋಮೀಟರು ಬಾಕಿ ಇದೆ. ಬರುವ ತಿಂಗಳ ಮೊದಲ ವಾರ ಗುಬ್ಬಿಗೆ ಹೋಗಬೇಕು.